ಸರಕು ಹೇರಿದ ಪಿಕಪ್ ಹಿಂದಕ್ಕೆ ಕುಸಿದಾಗ

ಸರಕು ತುಂಬಿದ ಪಿಕಪ್‌ಗೆ ಜನರೇಟರ್ ಹೊತ್ತ ಟ್ರೇಲರನ್ನು ಜೋಡಿಸಿದೊಡನೆ ವಾಹನದ ಹಿಂಭಾಗ ಕುಸಿದು ಮುಂಭಾಗ ಮೇಲೇಳುವುದುಂಟು. ಇದನ್ನು ಲೀಫ್ ಸ್ಪ್ರಿಂಗಿನ, ಅಂದರೆ ಮೆಕ್ಯಾನಿಕರು ಹೇಳುವ ‘ಪಾಟಾ’ದ ದೌರ್ಬಲ್ಯವೆಂದಷ್ಟೇ ಬಗೆದು ಹೆಚ್ಚುವರಿ ಪಟ್ಟಿಗಳನ್ನು ಸೇರಿಸುವ ವಾಡಿಕೆಯಿದೆ.

ಇಲ್ಲಿ ಕೆಲಸಮಾಡುವುದು ಸನ್ನೆಕೋಲಿನ ತತ್ತ್ವ. ಟ್ರೇಲರಿನ ಕೊಂಡಿಯು ಹಿಂದಿನ ಆಕ್ಸಲ್‌ಗಿಂತಲೂ ಹಿಂದಿರುತ್ತದೆ. ಎರಡು ಆಕ್ಸಲ್‌ಗಳ ಅಂತರ 3 ಮೀಟರ್, ಹಿಂದಿನ ಆಕ್ಸಲ್‌ನಿಂದ ಕೊಂಡಿಗೆ 1.2 ಮೀಟರ್ ಎಂದಿಟ್ಟುಕೊಳ್ಳೋಣ. ಕೊಂಡಿಯ ಮೇಲೆ 100 ಕಿಲೋಗ್ರಾಂ ಭಾರ ಬಿದ್ದರೆ ಹಿಂದಿನ ಆಕ್ಸಲ್‌ಗೆ 140 ಕಿಲೋಗ್ರಾಂ ಕೂಡುತ್ತದೆ. ಮುಂದಿನದರಿಂದ 40 ಕಿಲೋಗ್ರಾಂ ಕಳೆಯುತ್ತದೆ. ಮುಂದಿನ ಚಕ್ರಗಳು ಹಗುರಾದಂತೆ ಸ್ಟೀರಿಂಗ್ ಮತ್ತು ಬ್ರೇಕಿನ ಹಿಡಿತ ಕುಗ್ಗುತ್ತದೆ. ರಾತ್ರಿಯಲ್ಲಿ ದೀಪದ ಬೆಳಕು ಎದುರು ಬರುವವರ ಕಣ್ಣು ಕೋರೈಸುತ್ತದೆ.

ಪಟ್ಟಿ ಸೇರಿಸಿದರೆ ವಾಹನ ಮಟ್ಟಸವಾಗಿ ಕಾಣುವುದು ನಿಜ. ಆದರೆ ಕಳೆದುಹೋದ ಆ ಭಾರ ಮುಂದಿನ ಚಕ್ರಗಳಿಗೆ ಮರಳುವುದಿಲ್ಲ. ಟೈರು, ಆಕ್ಸಲ್, ಬ್ರೇಕುಗಳ ಸಾಮರ್ಥ್ಯವೂ ಹೆಚ್ಚುವುದಿಲ್ಲ.

ಆದುದರಿಂದ ಪಿಕಪ್‌ನಲ್ಲಿನ ಭಾರವಾದ ಸರಕನ್ನು ಕ್ಯಾಬಿನ್‌ಗೆ ಒತ್ತಿ ಇರಿಸತಕ್ಕದ್ದು. ಕೊಂಡಿಯ ಭಾರ ತಗ್ಗಿಸಲೆಂದು ಟ್ರೇಲರಿನ ಹೊರೆಯನ್ನು ತೀರ ಹಿಂದಕ್ಕೆ ಸರಿಸುವುದು ಇನ್ನೂ ಅಪಾಯಕರ. ಆಗ ಟ್ರೇಲರ್ ವೇಗದಲ್ಲಿ ಅತ್ತಿತ್ತ ಓಲಾಡತೊಡಗುತ್ತದೆ. ತೂಕಸೇತುವೆಯ ಮೇಲೆ ಮುಂದಿನ ಹಾಗೂ ಹಿಂದಿನ ಚಕ್ರಗಳನ್ನು ಬೇರೆಬೇರೆಯಾಗಿ ತೂಗಿಸಿ, ನೋಂದಣಿ ಪತ್ರದಲ್ಲಿನ ಮಿತಿಯೊಡನೆ ಹೋಲಿಸುವುದು ಉತ್ತಮ. 1988ರ ಮೋಟಾರು ವಾಹನ ಅಧಿನಿಯಮಕ್ಕೆ 2019ರಲ್ಲಿ ಆದ ತಿದ್ದುಪಡಿಯ ಮೇರೆಗೆ ಅಧಿಕ ಭಾರಕ್ಕೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಸರಕಿಲ್ಲದಾಗಲೂ ಹಿಂಭಾಗ ಕುಸಿದೇ ಇದ್ದರೆ ಮಾತ್ರ ಸ್ಪ್ರಿಂಗ್ ಸೋತಿದೆಯೆಂದು ತಿಳಿದು, ಎರಡೂ ಬದಿಯದನ್ನು ಒಟ್ಟಿಗೆ ಬದಲಾಯಿಸಬೇಕು.