ರಾಡಿ ನೀರಿಗೆ ನುಗ್ಗೆ ಬೀಜ

ಮುಂಗಾರಿನ ಮೊದಲ ಮಳೆ ಜೋರಾಗಿ ಹೊಡೆದರೆ ಸಾಕು, ಇಂಡಿ-ಸಿಂದಗಿ ಕಡೆ ಭೀಮಾ ನದಿ, ಮುದ್ದೇಬಿಹಾಳ-ಬಸವನ ಬಾಗೇವಾಡಿ ಕಡೆ ಹಳ್ಳ, ಕೆರೆ, ಕೃಷಿ ಹೊಂಡ ಎಲ್ಲದರ ನೀರೂ ಚಹಾದ ಬಣ್ಣಕ್ಕೆ ತಿರುಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಂಥ ಹೊತ್ತಿನಲ್ಲಂತೂ ಸುತ್ತಲೂ ನೀರು, ಕೊಡಕ್ಕೆ ತುಂಬಿಕೊಳ್ಳುವಂಥದ್ದು ಮಾತ್ರ ಇಲ್ಲ. ಹೊಲದ ಮನೆಯಲ್ಲಿ ಇರೋರಿಗೆ ಈ ತೊಂದರೆ ಇನ್ನೂ ಹೆಚ್ಚು.

ಮರಳಿನ ರಾಡಿ ತಾನಾಗಿ ಕೆಳಗೆ ಕೂಡುತ್ತದೆ. ನಮ್ಮ ಎರೆಮಣ್ಣಿನ ರಾಡಿ ಎರಡು ದಿನ ಇಟ್ಟರೂ ಕೂಡೋದಿಲ್ಲ. ಯಾಕೆ? ಎರೆಯ ಜೇಡಿ ಕಣಗಳು ಬಹಳ ಸಣ್ಣವು, ಮೇಲಾಗಿ ಎಲ್ಲ ಕಣಗಳ ಮೇಲೂ ಋಣ ವಿದ್ಯುತ್ತಿನ ಅಂಶ ಇರುತ್ತದೆ. ಹಾಗಾಗಿ ಒಂದನ್ನೊಂದು ದೂಡುತ್ತ ತೇಲುತ್ತಲೇ ಇರುತ್ತವೆ. ಉಪ್ಪಿನಂಶ ಹೆಚ್ಚಿರುವ ನೀರಿನಲ್ಲಿ ಈ ದೂಡಾಟ ಕಡಿಮೆಯಾಗಿ ಜೇಡಿ ಬೇಗ ಕೂಡುತ್ತದೆ. ಮಳೆನೀರು ಸಿಹಿ, ಅದಕ್ಕೇ ಹೊಂಡದ ನೀರು ವಾರಗಟ್ಟಲೆ ರಾಡಿ!

ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಆಲಂ, ಅಂದರೆ ಪಟಿಕ ಹಾಕಿ ಈ ಕಣಗಳನ್ನು ಗಂಟು ಕಟ್ಟಿಸುತ್ತಾರೆ. ಅದೇ ಕೆಲಸವನ್ನು ನುಗ್ಗೆ ಬೀಜದಲ್ಲಿರುವ ಒಂದು ಪ್ರೋಟೀನು ಮಾಡುತ್ತದೆ. ಅದರದು ಧನ ವಿದ್ಯುತ್ತು. ಜೇಡಿ ಕಣಗಳನ್ನು ಹಿಡಿದು ಮುದ್ದೆ ಮಾಡಿ ತಳಕ್ಕೆ ಎಳೆಯುತ್ತದೆ. ಸುಡಾನ್ ದೇಶದ ನೈಲ್ ದಂಡೆಯ ಹಳ್ಳಿ ಹೆಂಗಸರು ಇದನ್ನು ಬಳಸುತ್ತಿದ್ದರು. ಸಾಮಿಯಾ ಅಲ್ ಅಝಾರಿಯಾ ಯಾನ್ ಎಂಬ ವಿಜ್ಞಾನಿ 1970-80ರ ದಶಕಗಳಲ್ಲಿ ಅವರಿಂದಲೇ ಕಲಿತು ಜಗತ್ತಿಗೆ ತಿಳಿಸಿದರು. ನಮ್ಮಲ್ಲೂ ಇಂಥದು ಹಳೆಯದೇ. ಸುಶ್ರುತ ಸಂಹಿತೆಯಲ್ಲಿ ನೀರು ತಿಳಿ ಮಾಡಲು ಕತಕ, ಅಂದರೆ ಚಿಲ್ಲದ ಬೀಜ ಹೇಳಿದ್ದಾರೆ. ಅದನ್ನು ಮಣ್ಣಿನ ಗಡಿಗೆಯ ಒಳಮೈಗೆ ತಿಕ್ಕಿ ನೀರು ತುಂಬೋದು ರೂಢಿ. ಆದರೆ ಚಿಲ್ಲ ಕಾಡುಗಿಡ. ಅದರ ಅಣ್ಣ-ತಮ್ಮ ಕಾಸರಕ ವಿಷದ ಬೀಜ. ಗುರುತು ಗೊತ್ತಿಲ್ಲದವರು ಆ ದಾರಿಗೆ ಹೋಗಬೇಡಿ. ಬದುವಿನ ನುಗ್ಗೆಯೇ ಸಾಕು.

ಮಾಡೋದು ಹೀಗೆ. ಗಿಡದಲ್ಲೇ ಪೂರಾ ಒಣಗಿ ಕಂದಾದ ಕಾಯಿಯ ಬೀಜ ಬೇಕು, ಹಸಿ ಕಾಯಿಯದು ನಡೆಯೋದಿಲ್ಲ. ಮೇಲಿನ ರೆಕ್ಕೆ, ಸಿಪ್ಪೆ ತೆಗೆದರೆ ಒಳಗೆ ಬಿಳಿ ತಿರುಳು. 20 ಲೀಟರ್ ನೀರಿಗೆ ಸುಮಾರು 2 ಗ್ರಾಂ, ಅಂದರೆ ಎಂಟು-ಹತ್ತು ಬೀಜದ ತಿರುಳು. ನೀರು ತೀರಾ ಕೆಸರಾಗಿದ್ದರೆ ಇದರ ಎರಡು ಪಟ್ಟು, ಇನ್ನೂ ಹೆಚ್ಚೂ ಬೇಕಾದೀತು. ಮೊದಲು ಒಂದು ಲೀಟರ್ ಬಾಟಲಿಯಲ್ಲಿ ಹಾಕಿ ನೋಡಿ ಅಳತೆ ಗೊತ್ತು ಮಾಡಿಕೊಳ್ಳಿ. ತಿರುಳನ್ನು ನುಣ್ಣಗೆ ಕುಟ್ಟಿ, ಒಂದು ಲೋಟ ಒಳ್ಳೇ ನೀರಿನಲ್ಲಿ ಐದು ನಿಮಿಷ ಕಲಕಿ, ತೆಳು ಅರಿವೆಯಲ್ಲಿ ಸೋಸಿ ಆ ಹಾಲಿನಂಥ ನೀರನ್ನು ಕೊಡಕ್ಕೆ ಹಾಕಿ. ಒಂದು ನಿಮಿಷ ಜೋರಾಗಿ, ಆಮೇಲೆ ಐದು-ಹತ್ತು ನಿಮಿಷ ನಿಧಾನವಾಗಿ ತಿರುವಬೇಕು. ಈ ನಿಧಾನದ ತಿರುವಿನಲ್ಲೇ ಮುದ್ದೆ ಕಟ್ಟೋದು. ಅವಸರ ಮಾಡಿದರೆ ಕಟ್ಟಿದ್ದೂ ಒಡೆಯುತ್ತದೆ. ಮುಚ್ಚಿ ಒಂದೆರಡು ತಾಸು ಅಲುಗಾಡಿಸದೆ ಬಿಟ್ಟು, ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಅರಿವೆಯಲ್ಲಿ ಬಸಿಯಿರಿ. ಪುಡಿ ಕಲಸಿಟ್ಟದ್ದು ನಾಳೆಗೆ ಬರೋದಿಲ್ಲ, ಆಗಿಂದಾಗ ಕುಟ್ಟಬೇಕು.

ಒಂದು ಎಚ್ಚರ. ಬಿತ್ತನೆಗೆಂದು ಅಂಗಡಿಯಲ್ಲಿ ಮಾರುವ ನುಗ್ಗೆ ಬೀಜಕ್ಕೆ ಔಷಧಿ ಬಳಿದಿರಬಹುದು. ಅದನ್ನು ಕುಡಿಯುವ ನೀರಿಗೆ ಹಾಕಲೇಬಾರದು. ಸ್ವಂತ ಗಿಡದ ಬೀಜವೇ ಆಗಬೇಕು. ತಳಿ ಪಿಕೆಎಂ-1 ಇರಲಿ, ಬಾಗಲಕೋಟೆ ತೋಟಗಾರಿಕೆ ವಿವಿಯ ಭಾಗ್ಯ ಇರಲಿ, ಜವಾರಿ ಇರಲಿ, ನಡೆಯುತ್ತದೆ.

ತಿಳಿಯಾದ ನೀರನ್ನು ಹಾಗೇ ಕುಡಿಯಬಹುದೇ? ಬೇಡ. ರಾಡಿಯ ಜತೆ ಬಹುಪಾಲು ರೋಗಾಣುಗಳೂ ತಳ ಸೇರುತ್ತವೆ ನಿಜ, ಪ್ರಯೋಗಗಳಲ್ಲಿ ನೂರಕ್ಕೆ 90ರಿಂದ 99ರಷ್ಟು ಹೋದದ್ದೂ ಉಂಟು. ಆದರೆ ಉಳಿದ ಒಂದು ಪಾಲೇ ಮಕ್ಕಳಿಗೆ ವಾಂತಿ-ಭೇದಿ ತರಲು ಸಾಕು. ಬೀಜದ ಅಂಶ ನೀರಿನಲ್ಲಿ ಉಳಿಯುವುದರಿಂದ ಇಟ್ಟಷ್ಟೂ ರೋಗಾಣು ಮತ್ತೆ ಬೆಳೆಯುತ್ತವೆ. ಕುದಿ ಬರುವಂತೆ ಕಾಯಿಸಿ, ಅಂದಿನದನ್ನು ಅಂದೇ ಖರ್ಚು ಮಾಡಿ.

ಇನ್ನೂ ಮುಖ್ಯವಾದ ಮಾತು ಬೋರ್‌ವೆಲ್ ನೀರಿನದು. ಅದು ಕನ್ನಡಿಯಂತೆ ಇರುತ್ತದೆ, ನಮಗೆ ಅದರ ಮೇಲೇ ನಂಬಿಕೆ. ಆದರೆ ನಮ್ಮ ಜಿಲ್ಲೆಯ ಹಲವು ಕಡೆ ಅದರಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ವರ್ಷಗಟ್ಟಲೆ ಕುಡಿದವರ ಹಲ್ಲು, ಎಲುಬು ಕೆಡುತ್ತವೆ. ಈ ನುಗ್ಗೆ ಪುಡಿಯಾಗಲಿ ಕುದಿಸೋದಾಗಲಿ ಅದನ್ನು ತೆಗೆಯೋದಿಲ್ಲ, ಡೋಣಿ ನೀರಿನ ಉಪ್ಪನ್ನೂ ತೆಗೆಯೋದಿಲ್ಲ. ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯುವುದಕ್ಕಿಂತ ಮಳೆಯ ರಾಡಿ ನೀರನ್ನು ತಿಳಿ ಮಾಡಿ ಕುದಿಸಿ ಕುಡಿಯೋದು ಎಷ್ಟೋ ಕಡೆ ಲೇಸು, ಅದಕ್ಕೆ ಗದ್ದೆಯ ಔಷಧಿ, ಊರಿನ ಗಟಾರು ಸೇರದಿದ್ದರೆ.

ಕೃಷಿ ಹೊಂಡವನ್ನೇ ತಿಳಿ ಮಾಡಬಹುದಾ ಎಂದು ಕೇಳೋರಿದ್ದಾರೆ. ಲೆಕ್ಕ ಹಾಕಿ: ಒಂದು ಲಕ್ಷ ಲೀಟರಿಗೆ 10 ಕಿಲೋ ತಿರುಳು. ಬಿಡಿಸೋರು ಯಾರು! ಔಷಧಿ ಹೊಡೆಯುವ 200 ಲೀಟರ್ ಡ್ರಮ್ಮಿಗಾದರೆ 20 ಗ್ರಾಂ ಸಾಕು, ನಾಜಲ್ ಕಟ್ಟೋದು ಕಡಿಮೆಯಾಗುತ್ತದೆ. ತಳದಲ್ಲಿ ಉಳಿದ ಕೆಸರು ಕೊಳೆಯುವಂಥದ್ದೇ, ನುಗ್ಗೆ ಬುಡಕ್ಕೇ ಸುರಿಯಿರಿ.

ಬೇಸಿಗೆಯಲ್ಲಿ ಗಿಡಕ್ಕೆ ಒಂದೆರಡು ಕೊಂಬೆಯ ಕಾಯಿ ಕೀಳದೆ ಒಣಗಲು ಬಿಟ್ಟರೆ ಮಳೆಗಾಲಕ್ಕೆ ಬೀಜ ಸಿದ್ಧ. ಸಿಪ್ಪೆ ಸಮೇತ ಡಬ್ಬಿಯಲ್ಲಿ ತೇವ ತಾಗದಂತೆ ಇಡಿ.