ಕ್ಯೂ ಕೋಲಿಗೊಂದು ಕಡೆದ ಟೊಪ್ಪಿಗೆ

ಒನಕೆಯ ತುದಿಗೆ ಕಬ್ಬಿಣದ ಬಳೆ, ಕುಡಗೋಲಿನ ಹಿಡಿಗೆ ಲೋಹದ ಕಟ್ಟು, ಬಂಡಿ ಗಾಲಿಯ ಗುಂಬಕ್ಕೆ ಕಬ್ಬಿಣದ ಪಟ್ಟಿ. ಮರದ ಸಾಮಾನು ಮೊದಲು ಕೆಡುವುದೇ ತುದಿಯಲ್ಲಿ ಎಂಬುದನ್ನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಬಡಿಗೇರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೂಲ್ ಆಟದ ಕ್ಯೂ ಕೋಲಿಗೂ ಇದೇ ಕಾಯಿಲೆ. ಮದ್ದೂ ಹೆಚ್ಚುಕಡಿಮೆ ಅದೇ.

ಎರಡು ತುಂಡಿನ ಕ್ಯೂ ನಡುವೆ ಬಿಚ್ಚಿಕೊಳ್ಳುತ್ತದೆ. ಹಿಂದಿನ ದಪ್ಪ ತುಂಡು ಬಟ್, ಮುಂದಿನ ಸಪೂರ ತುಂಡು ಶಾಫ್ಟ್. ಸಾಮಾನ್ಯವಾಗಿ ಬಟ್‌ನ ತುದಿಯಲ್ಲಿ ಥ್ರೆಡ್ ಇರುವ ಲೋಹದ ಪಿನ್ ಹೊರಚಾಚಿರುತ್ತದೆ, ಶಾಫ್ಟ್‌ನ ಬಾಯಲ್ಲಿ ಅದಕ್ಕೆ ತಕ್ಕ ತೂತು ಇರುತ್ತದೆ. ಚೀಲದಲ್ಲಿ ಬಟ್ಟು ಶಾಫ್ಟು ಒಂದಕ್ಕೊಂದು ಬಡಿದರೆ ಇವೆರಡರ ಮುಖ ಜಜ್ಜಿಹೋಗುತ್ತದೆ. ಥ್ರೆಡ್‌ನಲ್ಲಿ ಧೂಳು ಕೂತರೆ ಕೀಲು ಪೂರ್ತಿ ಕೂಡುವುದಿಲ್ಲ, ಹೊಡೆತಕ್ಕೆ ಕೋಲು ಗುಂಯ್‌ಗುಡುತ್ತದೆ. ಮರದ ಅಡ್ಡಮುಖ ತೇವವನ್ನು ಬೇಗ ಹೀರುವುದರಿಂದ ಮಳೆಗಾಲದ ಕಾಟ ಬೇರೆ. ಇದಕ್ಕೆಲ್ಲ ಕಾವಲು ಜಾಯಿಂಟ್ ಪ್ರೊಟೆಕ್ಟರ್ ಎಂಬ ಒಂದು ಜೊತೆ ಪುಟ್ಟ ಟೊಪ್ಪಿಗೆಗಳು. ಒಂದು ಬಟ್‌ನ ಪಿನ್ನನ್ನು ಮುಚ್ಚುತ್ತದೆ, ಇನ್ನೊಂದು ಶಾಫ್ಟ್‌ನ ಬಾಯನ್ನು. ಹೆಬ್ಬೆರಳಷ್ಟು ಗಾತ್ರದ ಈ ಮರದ ತುಂಡಿನ ಮೇಲೆ ಕೆತ್ತಿ ಕೂರಿಸುವ ಕುಸುರಿ ಕೆಲಸ ಮಾಡಿದರೆ ಕೋಲಿಗೊಂದು ಒಡವೆ ತೊಡಿಸಿದಂತೆ.

ಈ ಆಟ ನಮಗೆ ಹೊರಗಿನದೇನಲ್ಲ. ಪೂಲ್‌ನ ಸೋದರ ಆಟ ಸ್ನೂಕರ್ 1875ರಲ್ಲಿ ಜಬಲ್ಪುರದ ಸೇನಾ ಮೆಸ್‌ನಲ್ಲಿ ಹುಟ್ಟಿತು, ಅದರ ನಿಯಮಗಳು 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ಗೋಡೆಗೇರಿದವು ಎಂಬುದು ಸಾಮಾನ್ಯವಾಗಿ ಹೇಳುವ ಚರಿತ್ರೆ. ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. 2018ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆಟ ಬೆಳೆಯಿತು, ಆದರೆ ಕೋಲಿನ ಕುಸುರಿ ಕೆಲಸ ಮಾತ್ರ ಇನ್ನೂ ಬಹುಮಟ್ಟಿಗೆ ಹೊರದೇಶದ ಕ್ಯೂ ತಯಾರಕರ ಕೈಯಲ್ಲೇ ಇದೆ. ಕಡೆಯುವ ಕೈ, ಕೂರಿಸುವ ಕೈ ಎರಡೂ ಇರುವ ನಾಡಿನಲ್ಲಿ ಹೀಗಾಗಬೇಕಿಲ್ಲ.

ಶಿಗ್ಗಾವಿಗೆ ದೂರವಲ್ಲದ ಕಲಘಟಗಿಯ ತೊಟ್ಟಿಲನ್ನೇ ನೋಡಿ. ತೇಗದ ಕಾಲುಗಳನ್ನು ಕಡೆದು, ಅರಗಿನ ಬಣ್ಣ ಹತ್ತಿಸಿ, ಬಾಣಂತಿಯ ತವರಿನಿಂದ ಹೋಗುವ ಆ ತೊಟ್ಟಿಲು ತಲೆಮಾರು ದಾಟಿದರೂ ಬಣ್ಣ ಬಿಡುವುದಿಲ್ಲ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಂಬಾವಿಲಾಸ ಅರಮನೆಯ ಬಾಗಿಲಲ್ಲಿ ಬೀಟೆಯೊಳಗೆ ಕೂರಿಸಿದ್ದು ಆನೆದಂತ. ಬಿಲಿಯರ್ಡ್ಸ್ ಚೆಂಡೂ ಹಿಂದೆ ದಂತದ್ದೇ. ಅದಕ್ಕೆ ಬದಲಿ ಹುಡುಕಹೊರಟ ಅಮೆರಿಕದ ಜಾನ್ ವೆಸ್ಲಿ ಹಯಟ್ 1860ರ ದಶಕದ ಕೊನೆಗೆ ಸೆಲ್ಯುಲಾಯ್ಡ್ ಕಂಡುಕೊಂಡರು. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಮತ್ತು 1986ರ, 1991ರ ತಿದ್ದುಪಡಿಗಳ ಬಳಿಕ ದಂತದ ವ್ಯಾಪಾರವೇ ನಿಂತಿತು. ಮೈಸೂರಿನ ಕುಶಲಕರ್ಮಿಗಳು ಬಣ್ಣಬಣ್ಣದ ಮರಗಳತ್ತ ತಿರುಗಿದರು. ನಮ್ಮ ಟೊಪ್ಪಿಗೆಗೂ ಅದೇ ದಾರಿ: ಮರದಲ್ಲಿ ಮರ, ಮರದಲ್ಲಿ ಕರಟ, ಮರದಲ್ಲಿ ಹಿತ್ತಾಳೆ.

ಮೊದಲು ಪಿನ್ನಿನ ಜಾತಿ ತಿಳಿಯಿರಿ

ಹೊಸಬರು ಎಡವುವುದು ಇಲ್ಲೇ. ಮರ ಆರಿಸುವ ಮುನ್ನ ಕ್ಯೂ ಮತ್ತು ವರ್ನಿಯರ್ ಹಿಡಿದು ಕೂರಬೇಕು. ಪೂಲ್ ಕ್ಯೂಗಳಲ್ಲಿ ಹೆಚ್ಚಾಗಿ ಸಿಗುವ ಪಿನ್ನುಗಳು 5/16 ಇಂಚಿಗೆ 18 ಅಥವಾ 14 ಥ್ರೆಡ್, 3/8 ಇಂಚಿಗೆ 10 ಅಥವಾ 11 ಥ್ರೆಡ್. ಮೊದಲ ಅಂಕಿ ದಪ್ಪ, ಎರಡನೆಯದು ಒಂದು ಇಂಚಿನಲ್ಲಿ ಎಷ್ಟು ಸುತ್ತು ಎಂಬ ಲೆಕ್ಕ. ಇವಲ್ಲದೆ ಕಂಪನಿಗಳ ಸ್ವಂತ ಮಾದರಿಗಳೂ ಇವೆ. ಅವುಗಳ ಟ್ಯಾಪ್ ಕ್ಯೂ ರಿಪೇರಿ ಸಾಮಾನು ಮಾರುವವರಲ್ಲೇ ಸಿಗುವುದು.

ಕಲಿಯಲು 5/16-18 ಒಳ್ಳೆಯದು, ಟ್ಯಾಪ್ ಸುಲಭವಾಗಿ ಸಿಗುತ್ತದೆ. ಆದರೆ ಒಂದು ಎಚ್ಚರ. ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ‘ಐದು-ಹದಿನಾರು’ ಎಂದು ಕೇಳಿದರೆ ಹಳೆಯ ಬ್ರಿಟಿಷ್ ವಿಟ್‌ವರ್ತ್ ಟ್ಯಾಪ್ ಕೈಗೆ ಬರಬಹುದು. ಅದಕ್ಕೂ ಇಂಚಿಗೆ 18 ಸುತ್ತೇ, ಆದರೆ ಅದರ ಹಲ್ಲಿನ ಕೋನ 55 ಡಿಗ್ರಿ. ಕ್ಯೂಗೆ ಬೇಕಾದ ಅಮೆರಿಕದ ಯುಎನ್‌ಸಿ ಥ್ರೆಡ್‌ನ ಕೋನ 60 ಡಿಗ್ರಿ. ಎರಡೂ ಒಂದರೊಳಗೊಂದು ಹೋದಂತೆ ಕಾಣುತ್ತವೆ, ನಾಲ್ಕು ದಿನದಲ್ಲಿ ಸವೆಯುತ್ತವೆ. ಆದ್ದರಿಂದ ಯುಎನ್‌ಸಿ ಎಂದೇ ಹೇಳಿ, ಮೂರು ಟ್ಯಾಪ್‌ಗಳ ಸೆಟ್ ಕೊಳ್ಳಬೇಕು. ತಳದವರೆಗೆ ಥ್ರೆಡ್ ಹಾಕಲು ಮೂರನೆಯ ಟ್ಯಾಪ್ ಬೇಕೇ ಬೇಕು.

ಪಿನ್ನಿನ ಉದ್ದ ಮತ್ತು ಕೀಲಿನ ಹೊರವ್ಯಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಪೂಲ್ ಕ್ಯೂಗಳಲ್ಲಿ ಈ ವ್ಯಾಸ ಸಾಮಾನ್ಯವಾಗಿ 21ರಿಂದ 21.6 ಮಿಲಿಮೀಟರ್. ಮುಂದಿನ ಲೆಕ್ಕವನ್ನೆಲ್ಲ 21.5 ಎಂದು ಹಿಡಿದು ಹೇಳಿದೆ. ಸ್ನೂಕರ್ ಕ್ಯೂವಿನ ಅಳತೆ ಬೇರೆ.

ಸುತ್ತಲಿನ ಮರ, ಸುತ್ತಲಿನ ಕರಟ

ಹುಣಸೆ ಮರದ ತಿರುಳು ಕಂದುನೇರಳೆ, ಹೊರಮರ ತಿಳಿ ಹಳದಿ. ಗಟ್ಟಿತನದಲ್ಲಿ ಅದನ್ನು ಮೀರಿಸುವ ಊರಮರ ಕಡಿಮೆ. ಬಂಡಿ, ಕೂರಿಗೆಗಳಿಗೆ ಬರುವ ಜಾಲಿಯೂ ಆದೀತು. ಹಲಸು ಚೆಂದದ ಹಳದಿ. ಸವಣೂರಿನ ಮಠದಲ್ಲಿರುವ ಮೂರು ‘ದೊಡ್ಡ ಹುಣಸೆ’ ಮರಗಳು ಮಾತ್ರ ಹೆಸರಿಗಷ್ಟೇ ಹುಣಸೆ. ಅವು ಆಫ್ರಿಕಾ ಮೂಲದ ಬಾವೊಬಾಬ್. ಅವುಗಳ ಮರ ನೀರು ತುಂಬಿಕೊಂಡ ಬೆಂಡಿನಂತೆ, ಕಡೆಯಲು ಬಾರದು. ಆ ವೃದ್ಧ ಮರಗಳು ನಿಂತಲ್ಲೇ ನಿಂತು ಬಾಳಲಿ.

ಬೀಟೆ, ತೇಗ ಬೇಕಿದ್ದರೆ ಸಾಮಿಲ್ ಅಥವಾ ಪೀಠೋಪಕರಣ ಅಂಗಡಿಯ ಕತ್ತರಿಸಿ ಉಳಿದ ತುಂಡು ಸಾಕು, ರಶೀದಿ ಇಟ್ಟುಕೊಳ್ಳಬೇಕು. ಹೊಲದಂಚಿನ ಬೀಟೆಯನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಬೀಟೆಯ ಇಡೀ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ, ಪರದೇಶಕ್ಕೆ ಕಳಿಸುವವರು ಕಾಗದಪತ್ರ ವಿಚಾರಿಸಿಯೇ ಮುಂದುವರಿಯಬೇಕು.

28 ಮಿಲಿಮೀಟರ್ ಚೌಕದ ತುಂಡುಗಳನ್ನು ಕೊಯ್ದು, ಎರಡೂ ಕೊನೆಗೆ ಮೇಣ ಬಳಿದು, ನೆರಳಲ್ಲಿ ಇಡಬೇಕು. ಒಣಗಿತೇ ಎಂದು ಉಗುರಿನಿಂದ ಗೀರಿ ತಿಳಿಯುವುದು ಕಷ್ಟ. ಬಂಗಾರ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೂರು ವಾರ ತೂಕ ಇಳಿಯದಿದ್ದರೆ ಮರ ತಯಾರು.

ಒಳಗಿನಿಂದ ಹೊರಗೆ

ಈ ಕೆಲಸದ ಗುಟ್ಟೆಲ್ಲ ಒಂದೇ ಕ್ರಮದಲ್ಲಿದೆ: ಥ್ರೆಡ್ ಮೊದಲು, ಅಲಂಕಾರ ನಂತರ, ಹೊರ ಆಕಾರ ಕೊನೆಗೆ. ಚೆಂದಗೆ ಕಡೆದು ಮುಗಿಸಿದ ಟೊಪ್ಪಿಗೆಗೆ ಆಮೇಲೆ ತೂತು ಕೊರೆದರೆ ಅದು ಕೂದಲೆಳೆಯಷ್ಟಾದರೂ ಓರೆಯಾಗುತ್ತದೆ. ಕ್ಯೂಗೆ ಹಾಕಿ ನೋಡಿದಾಗ ಒಂದು ಕಡೆ ಮೆಟ್ಟಿಲು ಬೆರಳಿಗೆ ತಗಲುತ್ತದೆ.

ತುಂಡನ್ನು ಲೇತ್‌ನ ಚಕ್‌ಗೆ ಹಿಡಿಸಿ 12 ಮಿಲಿಮೀಟರ್ ತೂತು ಕೊರೆಯಿರಿ. ಆಳ ಪಿನ್ನಿನ ಉದ್ದಕ್ಕಿಂತ 8 ಮಿಲಿಮೀಟರ್ ಹೆಚ್ಚಿರಲಿ. ಅದರೊಳಗೆ ಅಷ್ಟೇ ದಪ್ಪದ, ಹೈಲಮ್ ಎಂಬ ಗಟ್ಟಿ ರಾಳದ ರಾಡನ್ನು ಉಪ್ಪುಕಾಗದದಿಂದ ಗೀರು ಮಾಡಿ ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಒಂದು ರಾತ್ರಿ ಬಿಡಿ. ನೈಲಾನ್ ಅಗ್ಗ, ಆದರೆ ಅಂಟು ಅದನ್ನು ಹಿಡಿಯದು. ನೇರ ಮರದಲ್ಲೇ ಥ್ರೆಡ್ ಹಾಕುವವರೂ ಇದ್ದಾರೆ. ಅವರು ಟ್ಯಾಪ್ ಮಾಡಿದ ಮೇಲೆ ತೆಳುವಾದ ಸೂಪರ್‌ಗ್ಲೂ ಹನಿಸಿ, ಒಣಗಿದ ಮೇಲೆ ಇನ್ನೊಮ್ಮೆ ಟ್ಯಾಪ್ ಓಡಿಸುತ್ತಾರೆ. ನಮ್ಮ ಮಳೆಗಾಲಕ್ಕೆ ಹೈಲಮ್ಮೇ ಮೇಲು.

ಮರುದಿನ ಹೈಲಮ್ ನಡುವೆ 6.5 ಮಿಲಿಮೀಟರ್ ಡ್ರಿಲ್ ಓಡಿಸಿ. ಈ ತೂತಿನ ಆಳ ಪಿನ್ನಿಗಿಂತ 4 ಮಿಲಿಮೀಟರ್ ಹೆಚ್ಚು. ತುಂಡನ್ನು ಚಕ್‌ನಿಂದ ತೆಗೆಯದೆ ಬಾಯಿಯ ಮುಖವನ್ನೂ ಅದೇ ಹಿಡಿತದಲ್ಲಿ ಸಪಾಟಾಗಿ ಕಡೆಯಬೇಕು. ತೂತು ಮತ್ತು ಮುಖ ಒಂದಕ್ಕೊಂದು ಲಂಬವಾಗುವುದು ಹೀಗೆ ಮಾಡಿದರಷ್ಟೇ. ಬಳಿಕ ಟ್ಯಾಪನ್ನು ಕೈಯಿಂದ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ, ಪುಡಿ ಕೊಡವುತ್ತ ಇಳಿಸಬೇಕು.

ಈಗ ಒಂದು ಹಿಡಿಕೆ ಮಾಡಿಕೊಳ್ಳಬೇಕು. ಅಲ್ಯುಮಿನಿಯಂ ಸಲಾಕೆಯನ್ನು ಚಕ್‌ಗೆ ಹಿಡಿದು ಮುಖ ಕಡೆದು, ಅದರ ನಡುವೆ ಅದೇ ಥ್ರೆಡ್‌ನ ಗೂಟ ನಿಲ್ಲಿಸಿದರೆ ಆಯಿತು. ಟೊಪ್ಪಿಗೆ ಇದಕ್ಕೆ ತಿರುಗಿ ಕೂರುತ್ತದೆ, ಕ್ಯೂ ಮೇಲೆ ಕೂರುವಂತೆಯೇ. ಉಳಿಯ ಒತ್ತಡಕ್ಕೆ ಬಲಥ್ರೆಡ್ ಇನ್ನಷ್ಟು ಬಿಗಿಯಾಗುತ್ತದೆ. ಲೇತನ್ನು ಹಿಂದುಮುಂದಾಗಿ ಓಡಿಸಿದರೆ ಮಾತ್ರ ಟೊಪ್ಪಿಗೆ ಬಿಚ್ಚಿ ಹಾರುತ್ತದೆ.

ಎಂಟು ಚುಕ್ಕೆಗಳ ಸಾಲು

ಮೊದಲ ಸಲ ಹೂಬಳ್ಳಿಗೆ ಕೈ ಹಾಕುವುದು ಬೇಡ. ಸುತ್ತಲೂ ಎಂಟು ಕರಟದ ಚುಕ್ಕೆ, ಅವುಗಳ ನಡುವೆ ಎಂಟು ಹಿತ್ತಾಳೆ ಬಿಂದು, ಇಷ್ಟೇ ಕಣ್ಣು ತುಂಬುತ್ತದೆ.

ಹಿಡಿಕೆಯ ಮೇಲೆ ಟೊಪ್ಪಿಗೆಯನ್ನು 24 ಮಿಲಿಮೀಟರ್ ವ್ಯಾಸಕ್ಕೆ ಕಡೆದು ನಿಲ್ಲಿಸಿ. ಕಾಗದದ ಪಟ್ಟಿಯೊಂದನ್ನು ಸುತ್ತಿ, ಕೂಡಿದಲ್ಲಿ ಕತ್ತರಿಸಿ. ಉದ್ದ 75 ಮಿಲಿಮೀಟರ್ ಚಿಲ್ಲರೆ ಬರುತ್ತದೆ. ಅದನ್ನು ಮೂರು ಸಲ ಮಡಚಿ ಬಿಡಿಸಿದರೆ ಎಂಟು ಸಮ ಮನೆಗಳು. ಪಟ್ಟಿಯನ್ನು ಮತ್ತೆ ಸುತ್ತಿ ಮಡಿಕೆಯ ಗೆರೆಗಳಲ್ಲಿ ಸೂಜಿಯಿಂದ ಚುಚ್ಚಿದರೆ ಗುರುತು ಸಿದ್ಧ, ಯಾವ ಲೆಕ್ಕಯಂತ್ರವೂ ಬೇಡ.

ಪ್ರತಿ ಗುರುತಿನಲ್ಲಿ 4 ಮಿಲಿಮೀಟರ್ ಅಗಲದ, 3.5 ಮಿಲಿಮೀಟರ್ ಆಳದ ತೂತು ಬೇಕು. ಡ್ರಿಲ್‌ಗೆ ಅಷ್ಟೇ ಆಳದಲ್ಲಿ ಅಂಟುಪಟ್ಟಿ ಸುತ್ತಿಕೊಂಡರೆ ಹೆಚ್ಚು ಇಳಿಯುವ ಭಯವಿಲ್ಲ. ಕೊನೆಗೆ ಟೊಪ್ಪಿಗೆ 21.5ಕ್ಕೆ ಇಳಿದಾಗ ಚುಕ್ಕೆ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ ಉಳಿಯುತ್ತದೆ, ಅದರ ಕೆಳಗೆ ಹೈಲಮ್‌ವರೆಗೆ ಇನ್ನೂ ಎರಡೂವರೆ ಮಿಲಿಮೀಟರ್ ಮರ ಇರುತ್ತದೆ. ಈ ಲೆಕ್ಕ ತಪ್ಪಿದರೆ ಕಡೆಯುವಾಗ ಚುಕ್ಕೆಯೇ ಸವೆದು ಮಾಯ.

ಕರಟವನ್ನು ಬಲಿತ ಕಾಯಿಯಿಂದಲೇ ಆರಿಸಬೇಕು, ಎಳೆಯದು ತೆಳು ಮತ್ತು ಬಣ್ಣ ಪೇಲವ. ನಾರು ಕೆರೆದು, ಪುಟ್ಟ ಚೌಕಗಳಾಗಿ ಕೊಯ್ದು, ಮೂಲೆಗಳನ್ನು ಅರದಿಂದ ಉಜ್ಜಿ, 4 ಮಿಲಿಮೀಟರ್ ತೂತಿರುವ ಉಕ್ಕಿನ ಪಟ್ಟಿಯ ಮೂಲಕ ಸುತ್ತಿಗೆಯ ಮೆಲ್ಲನೆ ಏಟಿನಿಂದ ದಾಟಿಸಿದರೆ ದುಂಡನೆಯ ಬಿಲ್ಲೆ ಕೆಳಗೆ ಬೀಳುತ್ತದೆ. ಹತ್ತರಲ್ಲಿ ಮೂರಾದರೂ ಒಡೆಯುತ್ತವೆ ಎಂದುಕೊಂಡೇ ಕೂರಬೇಕು. ಬಿಲ್ಲೆಗಳನ್ನು ಎಪಾಕ್ಸಿಯಲ್ಲಿ ಅದ್ದಿ, ತೂತಿನಿಂದ ಸ್ವಲ್ಪ ಎದ್ದು ಕಾಣುವಂತೆ ಕೂರಿಸಿ. ಹಿತ್ತಾಳೆಗೆ 2 ಮಿಲಿಮೀಟರ್ ತಂತಿ ಸಾಕು, ಅದಕ್ಕೂ ಅಷ್ಟೇ ಅಗಲದ ತೂತು.

ಉಂಗುರ ಬೇಕೆನ್ನುವವರು 12 ಮಿಲಿಮೀಟರ್ ತೂತು ಕೊರೆಯುವ ಮೊದಲೇ ಮರದ ತುಂಡನ್ನು ಅಡ್ಡಲಾಗಿ ಕೊಯ್ದು, ನಡುವೆ 2 ಮಿಲಿಮೀಟರ್ ಬೀಟೆ ಅಥವಾ ಹಲಸಿನ ಬಿಲ್ಲೆ ಅಂಟಿಸಿಕೊಳ್ಳಬೇಕು. ಅಡ್ಡಮುಖಗಳ ಅಂಟು ತಾನೇ ಬಲವಾದುದಲ್ಲ. ಒಳಗೆ ಹಾಯುವ ಹೈಲಮ್ ಅದನ್ನು ಹಿಡಿದಿಡುತ್ತದೆ.

ಆಕಾರಕ್ಕೆ ಹಾನಗಲ್ಲಿಗೆ ಹೋಗಿ

ಕೊನೆಯ ಕಡೆತಕ್ಕೆ ಮುನ್ನ ಹಾನಗಲ್ಲಿನ ತಾರಕೇಶ್ವರ ದೇಗುಲದಲ್ಲಿ ಅರ್ಧ ದಿನ ಕೂತು ಬರುವುದು ಒಳ್ಳೆಯದು. ತಲೆಯೆತ್ತಿದರೆ ಕಮಲದ ಛತ್ತು, ಎದುರಿಗೆ ಕಲ್ಯಾಣ ಚಾಲುಕ್ಯರ ಕಾಲದ ತಿರುಗಣಿ ಕಂಬಗಳು. ಕಲ್ಲನ್ನೇ ತಿರುಗಿಸಿ ಕಡೆದ ಆ ಕಂಬದಲ್ಲಿ ಗಂಟೆಯಾಕಾರದ ಉಬ್ಬು, ಅದರ ಮೇಲೆ ಕಿರಿದಾದ ಕತ್ತು, ಮತ್ತೆ ತಟ್ಟೆಯಂತೆ ಅಗಲವಾಗುವ ಫಲಕ. ಒಂದು ದಪ್ಪ ಭಾಗದ ಪಕ್ಕ ಒಂದು ಚೂಪಾದ ಅಂಚು, ಅದರ ಪಕ್ಕ ನೆರಳು ಬೀಳುವ ಒಂದು ತಗ್ಗು. ಅದೇ ಅನುಪಾತವನ್ನು 45 ಮಿಲಿಮೀಟರ್ ಟೊಪ್ಪಿಗೆಗೆ ಇಳಿಸಬಹುದು: ಚುಕ್ಕೆಯ ಸಾಲಿರುವ ಕೆಳಭಾಗ ನೇರ, ಮೇಲೆ ಗಂಟೆ, ತುದಿಗೆ ಪುಟ್ಟ ಬಿಲ್ಲೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ಗೂ ಹೋಗಿಬರಬಹುದು, ಹಳ್ಳಿಯ ಕಸುಬುದಾರರ ಬದುಕು ಅಲ್ಲಿ ಆಳೆತ್ತರದ ಪ್ರತಿಮೆಗಳಾಗಿ ನಿಂತಿದೆ.

ಉಳಿ ಹರಿತವಿರಲಿ, ಒಂದು ಸಲಕ್ಕೆ ಕಾಲು ಮಿಲಿಮೀಟರಿಗಿಂತ ಹೆಚ್ಚು ತೆಗೆಯಬೇಡಿ. ಹಿತ್ತಾಳೆ ಇದ್ದಲ್ಲಿ ಉಳಿ ಕಚ್ಚಿದರೆ ಬಿಂದುವೇ ಕಿತ್ತುಬರುತ್ತದೆ. 21.7ಕ್ಕೆ ಬಂದಾಗ ಉಳಿ ಕೆಳಗಿಟ್ಟು ಉಪ್ಪುಕಾಗದ ಹಿಡಿಯಿರಿ, 180, 320, 600 ನಂಬರ್ ಕ್ರಮದಲ್ಲಿ. ಹಿತ್ತಾಳೆಯ ಕರಿ ಪುಡಿ ತಿಳಿಮರದ ರಂಧ್ರಕ್ಕೆ ಹೊಕ್ಕರೆ ಹೋಗದು. ಅದಕ್ಕಾಗಿ ಉಜ್ಜುವ ಮೊದಲೇ ಒಂದು ಕೈ ತೆಳು ಅರಗು ಬಳಿದಿರಬೇಕು.

ಮೆರುಗಿಗೆ ಚನ್ನಪಟ್ಟಣದ ಗೊಂಬೆಗಳ ದಾರಿಯೊಂದಿದೆ: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅದು ಕರಗಿ ಹತ್ತುತ್ತದೆ, ತಾಳೆಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಚುಕ್ಕೆಗಳಿಲ್ಲದ ಟೊಪ್ಪಿಗೆಗೆ ಇದರಷ್ಟು ಚೆಂದದ್ದು ಬೇರೆ ಇಲ್ಲ. ಕೂರಿಸಿದ ಕೆಲಸವಿದ್ದರೆ ಆ ಬಿಸಿಗೆ ಎಪಾಕ್ಸಿ ಮೆತ್ತಗಾಗುವ ಅಪಾಯವಿದೆ. ಅಲ್ಲಿ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಬಟ್ಟೆಯ ಉಂಡೆಯಿಂದ ನಾಲ್ಕೈದು ಕೈ ಬಳಿಯುವುದೇ ಕ್ಷೇಮ. ಥ್ರೆಡ್‌ಗೆ ಮಾತ್ರ ಅರಗು ತಾಗಬಾರದು, ಚೂರು ಮೇಣ ಸಾಕು.

ಜೊತೆಯ ಇನ್ನೊಂದಕ್ಕೆ ಕ್ರಮ ಇದೇ. ತೂತು ಖಾಲಿ ಬಿಡುವ ಬದಲು ಅದರಲ್ಲಿ ಹಿತ್ತಾಳೆಯ ಥ್ರೆಡ್ ಗೂಟ ಅಂಟಿಸಿದರೆ ಅದು ಶಾಫ್ಟ್‌ನ ಬಾಯಿಗೆ ಹೊಂದುತ್ತದೆ. ಗೂಟ ಶಾಫ್ಟ್‌ನ ತೂತಿಗಿಂತ ಎರಡು ಮಿಲಿಮೀಟರ್ ಗಿಡ್ಡವಿರಲಿ. ಉದ್ದವಾದರೆ ತಳಕ್ಕೆ ಒತ್ತಿ ಶಾಫ್ಟ್ ಸೀಳುತ್ತದೆ.

ಬೀಟೆಯ ಧೂಳು ಹಲವರಿಗೆ ಮೈ ತುರಿಸುತ್ತದೆ, ಉಬ್ಬಸವನ್ನೂ ತರುತ್ತದೆ. ಕರಟದ ಧೂಳೂ ಒಳ್ಳೆಯದಲ್ಲ. ಮುಖಗವಸು, ಕನ್ನಡಕ ಬೇಕು. ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಬೆರಳ ಉಂಗುರ ಲೇತ್ ಹತ್ತಿರ ಸುಳಿಯಬಾರದು.

ಪರೀಕ್ಷೆಗೆ ಎರಡೇ ಬೆರಳು. ಅಷ್ಟರಿಂದಲೇ ಟೊಪ್ಪಿಗೆ ಸರಾಗವಾಗಿ ತಿರುಗಿ ಕೊನೆಯವರೆಗೆ ಕೂರಬೇಕು. ಕಿಟಕಿಗೆ ಎದುರಾಗಿ ಹಿಡಿದರೆ ಕೀಲಿನ ಸಂದಿನಲ್ಲಿ ಬೆಳಕು ಕಾಣಬಾರದು. ಆಷಾಢದಲ್ಲಿ ಮರ ಉಬ್ಬಿ ಚುಕ್ಕೆಗಳು ತಗ್ಗಿದಂತೆ, ಬೇಸಿಗೆಯಲ್ಲಿ ಮರ ಕುಗ್ಗಿ ಅವು ಎದ್ದಂತೆ ಬೆರಳಿಗೆ ತಿಳಿಯುತ್ತದೆ. ಅದು ಮರದ ಗುಣ, ಕೆಲಸದ ದೋಷವಲ್ಲ. ಮೊದಲ ಮಳೆಗಾಲ ಪೂರ್ತಿ ಹಾಗೇ ಬಿಟ್ಟು, ದೀಪಾವಳಿ ಕಳೆದ ಮೇಲೆ 600 ನಂಬರ್ ಕಾಗದದಿಂದ ಒಮ್ಮೆ ಸವರಿ, ಮತ್ತೆರಡು ಕೈ ಅರಗು ಬಳಿದರೆ ಆಯಿತು.