ಸೀನು, ತುರಿಕೆಗಳೂ ಅವುಗಳ ಔಷಧವೂ

ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಒಕ್ಕುವ ಧೂಳಿನಿಂದಲೂ ಕಾಂಗ್ರೆಸ್ ಗಿಡದ ಹೂವಿನಿಂದಲೂ ಕೆಲವರಿಗೆ ಸೀನು, ಕಣ್ಣುರಿ, ಮೈತುರಿಕೆ ಉಂಟಾಗುವದು. ಇದು ಯಾರ ದೃಷ್ಟಿದೋಷವೂ ಅಲ್ಲ. ಧೂಳನ್ನೂ ಪರಾಗವನ್ನೂ ಶತ್ರುವೆಂದು ತಪ್ಪಾಗಿ ಎಣಿಸಿದ ಶರೀರವು ಹಿಸ್ಟಮಿನ್ ಎಂಬ ದ್ರವ್ಯವನ್ನು ಹೊರಬಿಡುತ್ತದೆ. ಬೀಗದೊಳಗೆ ಬೀಗದಕೈ ಹೊಕ್ಕಂತೆ ಅದು ರಕ್ತನಾಳ, ನರಗಳ ಗ್ರಾಹಕಗಳನ್ನು ಸೇರಿದೊಡನೆ ಬಾವೂ ತುರಿಕೆಯೂ ಹುಟ್ಟುವವು.

ಸೆಟಿರಿಜಿನ್ ಮೊದಲಾದ ಔಷಧಗಳು ಆ ಬೀಗದಲ್ಲಿ ತಾವೇ ಕೂತು ಹಿಸ್ಟಮಿನ್ನಿಗೆ ಸ್ಥಳಕೊಡವು, ಮೂಲಕಾರಣವನ್ನಾದರೋ ನೀಗಿಸಲಾರವು. ಆದದರಿಂದ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಕಣದ ಕೆಲಸ ಮಾಡಿರಿ. ಕ್ಲೋರ್‌ಫೆನಿರಮಿನ್ನಿನಂಥ ಹಳೆಯ ಮಾತ್ರೆಗಳು ನಿದ್ರೆ ತರುವದರಿಂದ, ಅವನ್ನು ನುಂಗಿದವರು ವಾಹನವನ್ನಾಗಲಿ ಯಂತ್ರವನ್ನಾಗಲಿ ನಡಿಸಬಾರದು.

ನಾಲಿಗೆ, ಗಂಟಲು ಊದಿ ಉಸಿರು ಕಟ್ಟಿದರೆ ಮಾತ್ರೆಯನ್ನು ನಂಬಿ ಕೂತಿರಬೇಡಿರಿ. ಆಗ ಪ್ರಾಣ ಉಳಿಸುವದು ಅಡ್ರಿನಲಿನ್ ಚುಚ್ಚುಮದ್ದೇ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.